ಮೊದಲನೆಯ ಕಳವು

ಪತ್ತೇದಾರಿ ಕಾದಂಬರಿಯೆಂದೊಡನೆ ಮೂಗು ಮುರಿಯುವ ಸಾಹಿತ್ಯಾಭಿಮಾನಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವರಲ್ಲಿ ಕೆಲವರು ರಾತ್ರಿ ಎಲ್ಲರೂ ಮಲಗಿದ ಮೇಲೆ ಗುಟ್ಟಾಗಿ ಅದನ್ನೇ ಓದುವುದೂ ಉಂಟು. ನಾನು ಗುಟ್ಟು ಮಾಡುವವನಲ್ಲ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಎನ್. ನರಸಿಂಹಯ್ಯನವರು ಐನೂರಕ್ಕೂ ಮಿಗಿಲಾಗಿ ಪತ್ತೇದಾರಿ ಕಾದಂಬರಿಗಳನ್ನು ಬರೆದು ಕನ್ನಡದ ಸಾಮಾನ್ಯ ಜನಕ್ಕೆ ಓದಿನ ರುಚಿ ಹತ್ತಿಸಿದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹಿಡಿದೇ ನಾನೂ ಪುಸ್ತಕಗಳ ಲೋಕಕ್ಕೆ ಕಾಲಿಟ್ಟವನು. ಕಳೆದ ಮಳೆಗಾಲದಲ್ಲಿ ಹೊರಗೆ ಹೋಗಲಾರದೆ ಮನೆಯಲ್ಲೇ ಕುಳಿತಾಗ ಆ ಹಳೆಯ ಚಟ ಮರಳಿ ಬಂತು. ಆಗ ಓದಿದ ಮೂರು ಕಾದಂಬರಿಗಳನ್ನೂ ಅವುಗಳ ಬೆನ್ನಿಗಿರುವ ಚರಿತ್ರೆಯನ್ನೂ ಕುರಿತು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ. ಕಳ್ಳ ಯಾರೆಂಬುದನ್ನು ಬಯಲು ಮಾಡಿ ಕೇಳುಗರ ಸುಖವನ್ನು ಕೆಡಿಸುವುದಿಲ್ಲವೆಂದು ಮೊದಲೇ ಮಾತು ಕೊಡುತ್ತೇನೆ.

ಮೂರರಲ್ಲಿ ಹಿರಿಯದು ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ಎಂಬ ವಾರಪತ್ರಿಕೆಯಲ್ಲಿ ೧೮೬೮ರ ಜನವರಿಯಿಂದ ಆಗಸ್ಟ್‌ವರೆಗೆ ಅದು ಧಾರಾವಾಹಿಯಾಗಿ ಬಂತು. ಅದಕ್ಕೂ ಮೊದಲು, ೧೮೪೧ರಲ್ಲಿಯೇ, ಅಮೆರಿಕದ ಎಡ್ಗರ್ ಅಲನ್ ಪೋ ಪತ್ತೇದಾರಿಯ ಸಣ್ಣಕತೆಯನ್ನು ಬರೆದಿದ್ದನೆಂಬುದು ನಿಜ. ಆದರೆ ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳ ಸಾಲಿನಲ್ಲಿ ಮೊದಲ ಪೀಠವನ್ನು ಟಿ. ಎಸ್. ಎಲಿಯಟ್‌ನಂಥ ಕವಿವಿಮರ್ಶಕನೇ ಈ ಕೃತಿಗೆ ಕೊಟ್ಟಿದ್ದಾನೆ. ಇದನ್ನು ಬರೆಯುವಾಗ ಕಾಲಿನ್ಸ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ, ತಾಯಿ ಮರಣಶಯ್ಯೆಯಲ್ಲಿದ್ದಳು, ನೋವು ತಡೆಯಲಾರದೆ ಅವನು ಅಫೀಮು ಬೆರೆತ ಔಷಧಿಯನ್ನು ಕುಡಿಯುತ್ತಿದ್ದ. ಅಂಥ ಸ್ಥಿತಿಯಲ್ಲಿ ಹುಟ್ಟಿದ ಕತೆಯಲ್ಲಿ ಒಂದು ಎಳೆಯೂ ಸಡಿಲವಾಗಿಲ್ಲವೆಂಬುದು ಆಶ್ಚರ್ಯದ ಸಂಗತಿ.

ಇದನ್ನು ನಾನು ಮೊದಲು ಓದಿದ್ದು ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದಾಗ. ಶನಿವಾರಗಳಂದು ರೈಲಿನಲ್ಲಿ ಮಂಡ್ಯದ ಕಡೆಯ ನಮ್ಮೂರಿಗೆ ಹೋಗುತ್ತಿದ್ದೆ. ರೈಲು ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಕೋಟೆಯೊಳಗೇ ಹಾದುಹೋಗುತ್ತದೆಂಬುದನ್ನು ಆ ಕಡೆಯವರೆಲ್ಲ ಬಲ್ಲರು. ಕಾದಂಬರಿಯ ಮೊದಲ ಕೆಲವು ಪುಟಗಳಲ್ಲಿ ಯಾವುದೋ ಹಳೆಯ ಕಾಗದಪತ್ರವಿತ್ತು. ‘ಕತೆ ಇನ್ನೂ ಶುರುವಾಗಿಲ್ಲ’ ಎಂದುಕೊಂಡು ಅದನ್ನು ಹಾರಿಸಿ ಮುಂದಕ್ಕೆ ಹೋದೆ. ಹಾಗೆ ಹಾರಿಸಿದ ಪುಟಗಳಲ್ಲಿದ್ದದ್ದು ಶ್ರೀರಂಗಪಟ್ಟಣವೇ! ಕಿಟಕಿಯ ಹೊರಗಿದ್ದ ಕೋಟೆಯನ್ನೂ ನೋಡಲಿಲ್ಲ, ಕೈಯಲ್ಲಿದ್ದ ಪುಸ್ತಕದೊಳಗಿನ ಕೋಟೆಯನ್ನೂ ನೋಡಲಿಲ್ಲ. ಯಾರ್ಕ್‌ಷೈರಿನ ಬಂಗಲೆಯೊಂದರಲ್ಲಿ ವಜ್ರ ಕದ್ದವರಾರೆಂಬ ಕಾತರವೊಂದೇ ನನ್ನ ತಲೆಯಲ್ಲಿತ್ತು. ಈ ಸಲ ಮೊದಲ ಪುಟದಿಂದಲೇ ಓದಿದೆ, ಪುಸ್ತಕವೇ ಬೇರೆಯಾಯಿತು.

ಆ ಪುಟಗಳಲ್ಲಿರುವುದು ಇಷ್ಟು. ೧೭೯೯ರ ಮೇ ೪ರಂದು ಜನರಲ್ ಬೇರ್ಡ್‌ನ ಸೇನೆ ಕೋಟೆಗೆ ನುಗ್ಗಿದೆ. ಜಾನ್ ಹರ್ನ್‌ಕಾಸಲ್ ಎಂಬ ಅಧಿಕಾರಿ ಟಿಪ್ಪುವಿನ ಆಯುಧಶಾಲೆಯಲ್ಲಿ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದು ನಿಂತಿದ್ದಾನೆ. ಕಠಾರಿಯ ಹಿಡಿಯ ತುದಿಯಲ್ಲಿ ಹಳದಿ ಬಣ್ಣದ ವಜ್ರ. ಬಾಗಿಲಲ್ಲಿ ಇಬ್ಬರು ಸತ್ತು ಬಿದ್ದಿದ್ದಾರೆ. ಅವನ ಕಾಲ ಬಳಿ ಮೂರನೆಯವನು ಶಾಪ ಹಾಕುತ್ತ ಪ್ರಾಣ ಬಿಡುತ್ತಾನೆ. ಇದನ್ನೆಲ್ಲ ನೋಡಿದವನು ಹರ್ನ್‌ಕಾಸಲ್‌ನ ದಾಯಾದಿ. ಕೊಳ್ಳೆ ಹೊಡೆಯುವಾಗ ಸಿಕ್ಕಿಬಿದ್ದವರನ್ನು ಗಲ್ಲಿಗೇರಿಸುವುದಾಗಿ ಸೇನಾಪತಿ ಸಾರಿದ್ದಾನೆ. ಆದರೂ ದಾಯಾದಿ ದೂರು ಕೊಡುವುದಿಲ್ಲ. ಅವನ ಕಾರಣವೇನು? ಇರಿದದ್ದನ್ನು ತಾನು ಕಣ್ಣಾರೆ ಕಂಡಿಲ್ಲ, ಆದ್ದರಿಂದ ಸಾಕ್ಷ್ಯವಿಲ್ಲ! ಬಂಧುಗಳು ಹರ್ನ್‌ಕಾಸಲ್‌ನ ಮುಖ ನೋಡುವುದನ್ನು ಬಿಡುತ್ತಾರೆ. ಶಿಕ್ಷೆಯೆಂಬುದು ಅಲ್ಲಿಗೆ ಮುಗಿಯಿತು.

ಇಲ್ಲಿಂದ ಕತೆ ಸುಮಾರು ಐವತ್ತು ವರ್ಷ ಮುಂದಕ್ಕೆ ಜಿಗಿಯುತ್ತದೆ. ಹರ್ನ್‌ಕಾಸಲ್ ಸತ್ತ ಮೇಲೆ ಅವನ ಉಯಿಲಿನಂತೆ ಆ ವಜ್ರ ಅವನ ಸೋದರಿಯ ಮಗಳು ರೇಚಲ್‌ಳ ಕೈಸೇರುತ್ತದೆ. ಅಂದು ೧೮೪೮ರ ಜೂನ್ ೨೧, ಅವಳ ಹದಿನೆಂಟನೆಯ ಹುಟ್ಟುಹಬ್ಬ. ಅದೇ ರಾತ್ರಿ ವಜ್ರ ಮಾಯವಾಗುತ್ತದೆ. ಆಗ ಪೊಲೀಸರು ಬರುತ್ತಾರೆ, ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ, ಬಾಗಿಲಿನ ಹಸಿ ಬಣ್ಣ ಎಲ್ಲಿ ಅಳಿಸಿದೆ, ಯಾರ ಬಟ್ಟೆಗೆ ಹತ್ತಿದೆ ಎಂದು ಮನೆಯೆಲ್ಲ ಜಾಲಾಡಲಾಗುತ್ತದೆ. ಇಂಗ್ಲೆಂಡಿನ ಓದುಗನಿಗೆ ಅಪರಾಧ ಅಲ್ಲಿಂದ ಮೊದಲಾಗುತ್ತದೆ. ಕಾವೇರಿಯ ದಂಡೆಯ ಓದುಗನಿಗೆ ಅದು ಎರಡನೆಯ ಕಳವು. ಮೊದಲನೆಯ ಕಳ್ಳನ ಹೆಸರು ಆರಂಭದಲ್ಲೇ ಅಚ್ಚಾಗಿದೆ. ಅವನನ್ನು ಹುಡುಕಲು ಯಾವ ಪತ್ತೇದಾರನೂ ಬೇಕಿಲ್ಲ.

ವಜ್ರ ಕಾಲಿನ್ಸ್‌ನ ಕಲ್ಪನೆ. ಕೊಳ್ಳೆ ಮಾತ್ರ ಕಲ್ಪನೆಯಲ್ಲ. ಟಿಪ್ಪು ಮಡಿದ ಆ ರಾತ್ರಿಯೆಲ್ಲ ಸಿಪಾಯಿಗಳು ಪಟ್ಟಣವನ್ನು ಸೂರೆ ಮಾಡಿದರು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೆ ಹಾಕಿಸಿ, ಕೆಲವರಿಗೆ ಛಡಿಯೇಟು ಕೊಡಿಸಿ ಹತೋಟಿಗೆ ತಂದ. ಅನಂತರ ನಡೆದದ್ದು ಲೆಕ್ಕಪತ್ರವಿಟ್ಟ ಸೂರೆ. ಅರಮನೆಯ ಬೊಕ್ಕಸವನ್ನು ಯುದ್ಧದ ಬಹುಮಾನವೆಂದು ಬೆಲೆಕಟ್ಟಿ, ದರ್ಜೆಗೆ ತಕ್ಕಂತೆ ಹಂಚಿದರು. ಮಹಾದಂಡನಾಯಕ ಹ್ಯಾರಿಸ್‌ನ ಪಾಲಿಗೆ ಬಂದದ್ದು ೧,೪೦,೦೦೦ ಪೌಂಡಿಗೂ ಮಿಗಿಲು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಚಿನ್ನದ ಹುಲಿಮುಖ ವಿಂಡ್ಸರ್ ಅರಮನೆ ಸೇರಿತು. ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ರಾತ್ರಿ ಕದ್ದವನಿಗೆ ನೇಣು, ಬೆಳಗ್ಗೆ ಹಂಚಿಕೊಂಡವನಿಗೆ ರಸೀತಿ. ಕಾಲಿನ್ಸ್ ಈ ವ್ಯತ್ಯಾಸವನ್ನು ಕಂಡಿದ್ದನೆಂದೇ ನನ್ನ ನಂಬಿಕೆ. ಕೊಹಿನೂರ್ ವಜ್ರ ೧೮೪೯ರಲ್ಲಿ ಲಾಹೋರಿನಿಂದ ಕೈಬದಲಾಗಿ ಮರುವರ್ಷ ವಿಕ್ಟೋರಿಯ ರಾಣಿಗೆ ಸಂದಿತು. ತನ್ನ ಕತೆಗೆ ಕೊಹಿನೂರಿನ ಕತೆಯೂ ಪ್ರೇರಣೆಯೆಂದು ಅವನೇ ಮುನ್ನುಡಿಯಲ್ಲಿ ಸೂಚಿಸಿದ್ದಾನೆ.

ಈ ಕಾದಂಬರಿಗೆ ಇನ್ನೊಂದು ಬೇರು ಇಂಗ್ಲೆಂಡಿನ ನೆಲದಲ್ಲಿಯೇ ಇದೆ. ಲಂಡನ್ನಿನ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರರ ಸಣ್ಣ ಪಡೆಯೊಂದು ಹುಟ್ಟಿದ್ದು ೧೮೪೨ರಲ್ಲಿ. ಅವರಲ್ಲಿ ಹೆಸರಾಂತವನಾದ ಜೊನಾಥನ್ ವಿಚರ್‌ನನ್ನು ೧೮೬೦ರಲ್ಲಿ ರೋಡ್ ಎಂಬ ಹಳ್ಳಿಗೆ ಕಳಿಸಿದರು. ಅಲ್ಲಿ ಕೆಂಟ್ ಎಂಬ ಗೌರವಸ್ಥರ ಮನೆಯಲ್ಲಿ ನಾಲ್ಕು ವರ್ಷವೂ ತುಂಬದ ಮಗುವಿನ ಕೊಲೆಯಾಗಿತ್ತು. ಊರಿನವರ ಗುಮಾನಿ ದಾದಿಯ ಮೇಲೆ. ವಿಚರ್ ಮಾತ್ರ ಕಾಣೆಯಾದ ಒಂದು ರಾತ್ರಿಯುಡುಪಿನ ಜಾಡು ಹಿಡಿದು, ಮಗುವಿನ ಮಲ ಅಕ್ಕ, ಹದಿನಾರರ ಕಾನ್‌ಸ್ಟನ್ಸ್‌ಳನ್ನು ಬಂಧಿಸಿದ. ಕೂಲಿಕಾರರ ಮಟ್ಟದಿಂದ ಬಂದ ಪೊಲೀಸಿನವನು ದೊಡ್ಡ ಮನೆತನದ ಹುಡುಗಿಯ ಒಳ‌ಉಡುಪನ್ನು ಕುರಿತು ಪ್ರಶ್ನೆ ಕೇಳುವುದೇ? ಪತ್ರಿಕೆಗಳು ಅವನ ಮೇಲೆ ಕಿಡಿ ಕಾರಿದವು. ಹುಡುಗಿ ಬಿಡುಗಡೆಯಾದಳು, ವಿಚರ್‌ನ ಹೆಸರು ಮಣ್ಣುಪಾಲಾಯಿತು, ೧೮೬೪ರಲ್ಲಿ ಅವನು ಕೆಲಸ ಬಿಟ್ಟ. ಮರುವರ್ಷವೇ ಕಾನ್‌ಸ್ಟನ್ಸ್ ತಾನಾಗಿ ಬಂದು ತಪ್ಪೊಪ್ಪಿಕೊಂಡಳು! ಕೇಟ್ ಸಮ್ಮರ್‌ಸ್ಕೇಲ್ ಎಂಬ ಲೇಖಕಿ ೨೦೦೮ರಲ್ಲಿ ಈ ಪ್ರಕರಣವನ್ನು ಕುರಿತು ಬರೆದ ಪುಸ್ತಕ ಯಾವ ಕಾದಂಬರಿಗೂ ಕಡಿಮೆಯಿಲ್ಲದಂತೆ ಓದಿಸಿಕೊಳ್ಳುತ್ತದೆ.

ಆ ರಾತ್ರಿಯುಡುಪನ್ನು ಕಾಲಿನ್ಸ್ ತನ್ನ ಕತೆಗೆ ತೆಗೆದುಕೊಂಡ. ವಿಚರ್‌ನ ಅವಮಾನವನ್ನೂ ತೆಗೆದುಕೊಂಡ. ಗುಲಾಬಿ ಗಿಡಗಳನ್ನು ಪ್ರೀತಿಸುವ ಕಫ್‌ನ ಸಂಶಯ ಮನೆಮಗಳತ್ತ ತಿರುಗಿದೊಡನೆ ಮನೆಯೊಡತಿ ಅವನ ಕೈಗೆ ಹಣವಿತ್ತು ಕಳುಹಿಸಿಬಿಡುತ್ತಾಳೆ. ಆದರೆ ನನ್ನ ಮನಸ್ಸನ್ನು ಕಲಕಿದವರು ಇನ್ನೂ ಕೆಳಗಿನವರು. ಮನೆಗೆಲಸದ ರೊಸಾನ ಹಿಂದೊಮ್ಮೆ ಕಳವು ಮಾಡಿ ಸೆರೆಮನೆ ಕಂಡವಳು. ಈಗ ಒಳ್ಳೆಯ ದಾರಿಗೆ ಬಂದಿದ್ದಾಳೆ. ಏನೇ ಹೋದರೂ ಗುಮಾನಿಯ ಕಣ್ಣು ಮೊದಲು ಅವಳ ಮೇಲೆ. ವಜ್ರದ ಬೆನ್ನು ಹತ್ತಿ ಸಮುದ್ರ ದಾಟಿ ಬಂದ ಮೂವರು ಬ್ರಾಹ್ಮಣರ ಗತಿ ಇನ್ನೂ ವಿಚಿತ್ರ. ಆ ರಾತ್ರಿ ಅವರು ಆ ಮನೆಯಲ್ಲಿರಲಿಲ್ಲವೆಂಬುದು ಸಾಕ್ಷಿಗಳಿಂದ ಸಿದ್ಧವಾಗುತ್ತದೆ. ಆದರೂ ಅಲೆಮಾರಿಗಳೆಂಬ ನೆಪವೊಡ್ಡಿ ನ್ಯಾಯಾಧಿಕಾರಿ ಅವರನ್ನು ಒಂದು ವಾರ ಸೆರೆಯಲ್ಲಿಡುತ್ತಾನೆ.

ಈಗ ಮೊದಲ ಪುಟಗಳನ್ನು ಮತ್ತೆ ನೆನೆಯಿರಿ. ಕೈಯಲ್ಲಿ ರಕ್ತದ ಕಠಾರಿ, ಕಾಲ ಬುಡದಲ್ಲಿ ಹೆಣ. ಆದರೂ ಮನೆತನಸ್ಥ ಅಧಿಕಾರಿಯ ವಿರುದ್ಧ ‘ಸಾಕ್ಷ್ಯವಿಲ್ಲ’. ದಾಸಿಗೆ ಹಳೆಯ ತಪ್ಪೇ ಸಾಕ್ಷ್ಯ. ಪರದೇಶಿಗೆ ನಿರಪರಾಧಿಯೆಂಬ ಸಾಕ್ಷ್ಯವಿದ್ದರೂ ಸೆರೆ. ಒಂದೇ ಪುಸ್ತಕದಲ್ಲಿ ಸಾಕ್ಷ್ಯವನ್ನು ತೂಗುವ ತಕ್ಕಡಿಗಳು ಮೂರು. ಇಷ್ಟೆಲ್ಲವನ್ನೂ ಕಾಲಿನ್ಸ್ ಬರೆದದ್ದು ೧೮೫೭ರ ದಂಗೆಯಾಗಿ ಹನ್ನೊಂದೇ ವರ್ಷಕ್ಕೆ. ಇಂಗ್ಲೆಂಡಿನ ಸಿಟ್ಟು ಇನ್ನೂ ಆರಿರದ ಕಾಲದಲ್ಲಿ. ಅವನು ಭಾಷಣ ಮಾಡುವುದಿಲ್ಲ. ಮೂರನ್ನೂ ಕತೆಯೊಳಗೆ ಇಟ್ಟು ಸುಮ್ಮನಾಗುತ್ತಾನೆ.

ದೋಷಗಳಿಲ್ಲವೆಂದಲ್ಲ. ಧರ್ಮೋಪದೇಶದ ಕಿರುಹೊತ್ತಗೆಗಳನ್ನು ಕಂಡಕಂಡಲ್ಲಿ ಇಟ್ಟು ಬರುವ ಮಿಸ್ ಕ್ಲಾಕ್‌ಳ ನಿರೂಪಣೆ ಮೊದಲು ನಗಿಸಿ ಆಮೇಲೆ ತುಸು ಬೇಸರ ತರಿಸುತ್ತದೆ. ಆದರೆ ಬೆಟರೆಜ್ ಎಂಬ ಮುದುಕ ಮನೆವಾರ್ತೆಯವನೊಬ್ಬನಿಗಾಗಿ ಎಲ್ಲವನ್ನೂ ಮನ್ನಿಸಬಹುದು. ನಮ್ಮ ಹಿರಿಯರು ರಾಮಾಯಣವನ್ನು ತೆರೆದು ಶಕುನ ನೋಡುವಂತೆ ಅವನು ಕಷ್ಟ ಬಂದಾಗಲೆಲ್ಲ ‘ರಾಬಿನ್‌ಸನ್ ಕ್ರೂಸೋ’ ತೆರೆದು ನೋಡುತ್ತಾನೆ!

ಎರಡನೆಯ ಪುಸ್ತಕ ಕಾನನ್ ಡಾಯ್ಲ್‌ನ ‘ದಿ ಸೈನ್ ಆಫ್ ಫೋರ್’, ೧೮೯೦ರದು. ಷೆರ್ಲಾಕ್ ಹೋಮ್ಸ್‌ನ ಎರಡನೆಯ ಕಾದಂಬರಿ. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಒಂದು ಸಂಜೆಯಲ್ಲಿ ಮುಗಿಸಿದೆ. ಇಲ್ಲಿಯೂ ಭಾರತದಿಂದ ಹೋದ ಆಭರಣಗಳುಂಟು. ಉತ್ತರದ ರಾಜನೊಬ್ಬ ದಂಗೆಯ ಕಾಲದಲ್ಲಿ ಆಗ್ರಾ ಕೋಟೆಗೆ ಗುಟ್ಟಾಗಿ ಕಳಿಸಿದ ಪೆಟ್ಟಿಗೆ ಅದು. ಅದನ್ನು ತಂದ ಸೇವಕನನ್ನು ಕೊಂದವರಿಗೆ ಶಿಕ್ಷೆಯಾಗುತ್ತದೆ. ಆದರೆ ಪೆಟ್ಟಿಗೆಯ ಒಡೆಯರು ಯಾರು ಎಂಬ ಪ್ರಶ್ನೆ ಬಂದಾಗ ಲೆಕ್ಕಕ್ಕೆ ಬರುವವರು ಅದನ್ನು ಲಪಟಾಯಿಸಿದವರ ಮಕ್ಕಳು ಮಾತ್ರ. ಅಂಡಮಾನಿನ ದ್ವೀಪವಾಸಿಯೊಬ್ಬನನ್ನು ಮನುಷ್ಯನೆನ್ನಲಾಗದಂತೆ ಚಿತ್ರಿಸಿರುವುದನ್ನು ಓದುವಾಗ ಮನಸ್ಸು ಹಿಂಡುತ್ತದೆ. ಕಾಲಿನ್ಸ್‌ನಿಂದ ಡಾಯ್ಲ್‌ವರೆಗೆ ಇಪ್ಪತ್ತೆರಡು ವರ್ಷ. ಪತ್ತೇದಾರನ ಬುದ್ಧಿ ಹರಿತವಾಯಿತು, ದೃಷ್ಟಿ ಕಿರಿದಾಯಿತು. ಸಿಗಾರಿನ ಬೂದಿಯನ್ನು ನೋಡಿ ಅದರ ಜಾತಿಯನ್ನು ಹೇಳಬಲ್ಲ ಹೋಮ್ಸ್, ಮೊದಲನೆಯ ಕಳವನ್ನು ಕುರಿತು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿದವನು ನನಗೆ ಸಿಕ್ಕಿದ್ದು ಮೂರನೆಯ ಪುಸ್ತಕದಲ್ಲಿ. ಸತ್ಯಜಿತ್ ರಾಯ್ ಅವರು ೧೯೬೫ರಲ್ಲಿ ಮಕ್ಕಳ ಪತ್ರಿಕೆ ‘ಸಂದೇಶ’ದಲ್ಲಿ ಫೆಲೂದಾ ಎಂಬ ಪತ್ತೇದಾರನನ್ನು ಸೃಷ್ಟಿಸಿದರು. ಚಿತ್ರರಂಗದ ಈ ಮೇರುಪುರುಷ ಹುಡುಗರಿಗಾಗಿ ಬರೆದ ಕತೆಗಳು ಬಂಗಾಳದ ಮನೆಮಾತು. ೧೯೭೦ರ ದಶಕದ ಆರಂಭದಲ್ಲಿ ಬರೆದ ‘ಕೈಲಾಸೇ ಕೇಲೆಂಕಾರಿ’ಯಲ್ಲಿ ಭುವನೇಶ್ವರದ ರಾಜಾರಾಣಿ ದೇವಾಲಯದ ಯಕ್ಷಿಯ ತಲೆಯನ್ನು ಕಿತ್ತು ವಿದೇಶಿಯೊಬ್ಬನಿಗೆ ಮಾರಿದ್ದಾರೆ. ಫೆಲೂದಾ ಆ ಜಾಡು ಹಿಡಿದು ಎಲ್ಲೋರದ ಕೈಲಾಸ ದೇವಾಲಯದವರೆಗೆ ಹೋಗುತ್ತಾನೆ. ವಸ್ತು ಸಮುದ್ರ ದಾಟಿದ ಮೇಲಲ್ಲ, ದೇವಾಲಯದ ಗೋಡೆಯಿಂದ ಕಳಚಿದಾಗಲೇ ಇಲ್ಲಿ ಅಪರಾಧ ಮೊದಲಾಗುತ್ತದೆ. ಕದ್ದ ಪ್ರಾಚೀನ ವಸ್ತುಗಳ ಸಾಗಾಟವನ್ನು ತಡೆಯಲು ಯುನೆಸ್ಕೋ ಒಪ್ಪಂದವಾದದ್ದು ೧೯೭೦ರಲ್ಲಿ, ನಮ್ಮ ದೇಶದ ಪ್ರಾಚ್ಯವಸ್ತು ಕಾಯಿದೆ ಬಂದದ್ದು ೧೯೭೨ರಲ್ಲಿ. ಕಾಯಿದೆಯೂ ಕತೆಯೂ ಒಂದೇ ಹೊತ್ತಿಗೆ ಎಚ್ಚೆತ್ತವು. ರಾಯ್ ಅವರ ಕತೆಯಲ್ಲಿ ಕಾಲಿನ್ಸ್‌ನ ಆಳವಿಲ್ಲ, ಕೊನೆಗೆ ವೇಷ ಮರೆಸುವ ಆಟ ಸ್ವಲ್ಪ ಹೆಚ್ಚಾಯಿತು. ಆದರೆ ಹನ್ನೆರಡು ವರ್ಷದ ಓದುಗನಿಗೆ ‘ಒಡೆದ ವಿಗ್ರಹವೂ ಕಳವಿನ ಮಾಲೇ’ ಎಂದು ಮನಗಾಣಿಸುವ ಶಕ್ತಿ ಅದಕ್ಕಿದೆ.

ಕಾಲಿನ್ಸ್‌ಗೆ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಮೊದಲನೆಯ ಕಳವು ಶ್ರೀರಂಗಪಟ್ಟಣದಲ್ಲಾಯಿತೆಂದು ಹೆಮ್ಮೆಯಿಂದಲೋ ನೋವಿನಿಂದಲೋ ನಾವು ಹೇಳಿಕೊಂಡರೆ, ಅವನು ನಮ್ಮನ್ನೂ ತಡೆಯುತ್ತಾನೆ. ಅವನ ಕತೆಯಲ್ಲಿ ವಜ್ರ ಮೂಲದಲ್ಲಿ ಸೋಮನಾಥದ ಚಂದ್ರದೇವನ ಹಣೆಯದು. ಕಾಶಿಗೆ ಹೋಗಿ, ಔರಂಗಜೇಬನ ಸೇನಾಧಿಕಾರಿಯ ಪಾಲಾಗಿ, ಕೈಯಿಂದ ಕೈಗೆ ದಾಟಿ ಟಿಪ್ಪುವಿನ ಕಠಾರಿಗೆ ಬಂದದ್ದು. ಪ್ರತಿಯೊಬ್ಬ ಒಡೆಯನ ಹಿಂದೆಯೂ ಒಬ್ಬ ಕಳ್ಳನಿದ್ದಾನೆ. ಒಡೆತನ ಹೇಳದೆ, ತಲೆಮಾರು ತಲೆಮಾರಾಗಿ ಕಾವಲು ಕಾದವರು ಆ ಮೂವರು ಮಾತ್ರ. ಅದಕ್ಕಾಗಿ ಅವರು ಕಡಲು ದಾಟಿ ಜಾತಿಯನ್ನೇ ಕಳೆದುಕೊಂಡರು. ಕೊನೆಯ ಪುಟದಲ್ಲಿ ವಜ್ರ ಮತ್ತೆ ಸೋಮನಾಥದಲ್ಲಿ ಬೆಳಗುತ್ತದೆ. ಮೂವರೂ ಪ್ರಾಯಶ್ಚಿತ್ತಕ್ಕಾಗಿ ಮೂರು ದಿಕ್ಕಿಗೆ, ಮತ್ತೆಂದೂ ಒಬ್ಬರ ಮುಖ ಒಬ್ಬರು ನೋಡದಂತೆ, ಯಾತ್ರೆ ಹೊರಡುತ್ತಾರೆ. ವಿಕ್ಟೋರಿಯ ರಾಣಿಯ ಕಾಲದ ಇಂಗ್ಲಿಷನೊಬ್ಬ ಕತೆಯನ್ನು ಹೀಗೆ ಮುಗಿಸಿದನೆಂಬುದು ಸಣ್ಣ ಮಾತಲ್ಲ.

ಮಳೆ ನಿಂತ ಮೇಲೆ ಒಮ್ಮೆ ಅದೇ ರೈಲಿನಲ್ಲಿ ಹೋದೆ. ೨೦೧೭ರಲ್ಲಿ ಜೋಡಿಹಳಿಗೆ ಜಾಗ ಬೇಕೆಂದು ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿಟ್ಟಿದ್ದಾರೆ. ಎದುರಿನ ಸೀಟಿನಲ್ಲಿ ಕಾಲೇಜಿನ ಹುಡುಗನೊಬ್ಬ ಯಾವುದೋ ಕಾದಂಬರಿಯಲ್ಲಿ ಮುಳುಗಿದ್ದ. ರೈಲು ಕೋಟೆಯೊಳಗೆ ಬಂದಾಗ ‘ಕಿಟಕಿಯ ಹೊರಗೆ ನೋಡಪ್ಪ’ ಎಂದೆ. ಅವನು ತಲೆಯೆತ್ತಿ ನೋಡಿದ, ಸೌಜನ್ಯಕ್ಕೆ ನಕ್ಕ, ಮತ್ತೆ ಪುಟಕ್ಕೆ ಮರಳಿದ. ನಾನು ಬೇಸರ ಪಡಲಿಲ್ಲ. ಅವನ ವಯಸ್ಸಿನಲ್ಲಿ ನಾನು ತಲೆಯನ್ನೂ ಎತ್ತಿರಲಿಲ್ಲ.

(ಬಾನುಲಿ ಭಾಷಣ)