ನಂಬರ್ ಪೋರ್ಟ್ ಆಗುತ್ತೆ, ವಾಟ್ಸಾಪ್ ಯಾಕೆ ಆಗಲ್ಲ?

ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ, ಅಥವಾ ಐಫೋನ್ ಬಿಟ್ಟು ಆಂಡ್ರಾಯ್ಡ್‌ಗೆ ಹೋಗುವುದೆಂದರೆ ದುಡ್ಡಿರುವವರ ಶೋಕಿ ಅಂತ ಅನ್ನಿಸಬಹುದು. ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಅಲ್ಲಿಗೆ ಬೇಲ್ ತರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಬ್ಯಾರನ್ ರಿಪೇರಿ ಖರ್ಚು, ಕೂಲಿಯವರಿಗೆ ಕೊಟ್ಟ ಮುಂಗಡ, ಗೊಬ್ಬರದಂಗಡಿಯ ಬಿಲ್ಲಿನ ಫೋಟೊ, ರೋಗ ಬಿದ್ದ ಎಲೆಯ ಫೋಟೊ ಎಲ್ಲವೂ ವಾಟ್ಸಾಪ್‌ನಲ್ಲೇ. ಬೇರೆ ಲೆಕ್ಕದ ಪುಸ್ತಕ ಇಲ್ಲ. ಬೆಂಗಳೂರಿನಲ್ಲಿರುವ ಮಗಳು ತನ್ನ ಹಳೇ ಐಫೋನನ್ನು ಅಪ್ಪನಿಗೆ ಕೊಟ್ಟಳು. ಸಿಮ್ ಹಾಕಿದರು, ನಂಬರ್ ಅದೇ ಬಂತು, ವಾಟ್ಸಾಪ್ ತೆರೆಯಿತು. ಒಳಗೆ ಏನೂ ಇಲ್ಲ.

ಕಾರಣ ಸರಳ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಇರುವುದು ಗೂಗಲ್ ಖಾತೆಯಲ್ಲಿ, ಐಫೋನಿನದ್ದು ಐಕ್ಲೌಡ್‌ನಲ್ಲಿ. ಒಂದರ ಬ್ಯಾಕಪ್ಪನ್ನು ಇನ್ನೊಂದು ಓದುವುದಿಲ್ಲ. ಐಫೋನಿನಿಂದ ಆಂಡ್ರಾಯ್ಡ್‌ಗೆ ಚಾಟ್ ಸಾಗಿಸುವ ದಾರಿಯನ್ನು ವಾಟ್ಸಾಪ್ ತೆರೆದದ್ದು 2021ರಲ್ಲಿ, ಅದೂ ಮೊದಲು ಸ್ಯಾಮ್‌ಸಂಗ್‌ನ ಕೆಲವು ಫೋನುಗಳಿಗೆ ಮಾತ್ರ. ಆಂಡ್ರಾಯ್ಡ್‌ನಿಂದ ಐಫೋನಿಗೆ ದಾರಿ ಸಿಕ್ಕಿದ್ದು 2022ರಲ್ಲಿ. ಅಲ್ಲೂ ಒಂದು ಷರತ್ತು: ಐಫೋನ್ ಹೊಸದಿರಬೇಕು, ಇಲ್ಲವೇ ಪೂರ್ತಿ ರೀಸೆಟ್ ಆಗಿರಬೇಕು. ಆಪಲ್‌ನ 'ಮೂವ್ ಟು ಐಒಎಸ್' ಆ್ಯಪ್ ಕೆಲಸ ಮಾಡುವುದು ಫೋನಿನ ಮೊದಲ ಸೆಟಪ್ ಹೊತ್ತಿಗೆ. ಅಂಗಡಿಯವರು 'ಎಲ್ಲ ಸೆಟ್ ಮಾಡಿ ಕೊಡ್ತೀವಿ ಸಾರ್' ಅಂದುಬಿಟ್ಟರೆ ಆ ಬಾಗಿಲು ಮುಚ್ಚಿತು ಅಂತಲೇ ಅರ್ಥ. ಮತ್ತೆ ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಬೇಕು. ಮೇಲಿನ ಮಗಳಾದರೆ ತನ್ನ ಆಪಲ್ ಖಾತೆಯಿಂದ ಹೊರಬಂದು, ಫೋನ್ ಅಳಿಸಿಯೇ ಅಪ್ಪನ ಕೈಗೆ ಕೊಡಬೇಕಿತ್ತು.

ಕಾಂಟ್ಯಾಕ್ಟ್, ಫೋಟೊ, ಕ್ಯಾಲೆಂಡರ್, ಎಸ್ಸೆಮ್ಮೆಸ್ ಹೆಚ್ಚು ತಕರಾರಿಲ್ಲದೆ ಬರುತ್ತವೆ. ದುಡ್ಡು ಕೊಟ್ಟು ಕೊಂಡ ಆ್ಯಪ್ ಬರಲ್ಲ, ಮತ್ತೆ ಕೊಳ್ಳಬೇಕು. ಐಫೋನಿನಲ್ಲಿ ಕನ್ನಡ ಕೀಬೋರ್ಡ್ 2017ರ ಐಒಎಸ್ 11ರಿಂದ ಇದೆ. ಆದರೆ ಹಳೇ ಕೀಬೋರ್ಡ್ ಕಲಿತಿದ್ದ ನಿಮ್ಮೂರಿನ ಹೆಸರು, ಅಡ್ಡಹೆಸರುಗಳನ್ನು ಇದಕ್ಕೆ ಹೊಸದಾಗಿ ಕಲಿಸಬೇಕು. ಯುಪಿಐ ಆ್ಯಪ್‌ಗಳು ಸಿಮ್‌ಗೂ ಫೋನಿಗೂ ಸೇರಿ ಗಂಟು ಹಾಕಿಕೊಂಡಿರುತ್ತವೆ. ಹೊಸ ಫೋನಿನಲ್ಲಿ ಮತ್ತೆ ನೋಂದಣಿ ಆಗಬೇಕು, ಶುರುವಿನಲ್ಲಿ ಕಳಿಸುವ ಮೊತ್ತಕ್ಕೆ ಮಿತಿಯೂ ಇರುತ್ತೆ. ಕೂಲಿ ಬಟವಾಡೆಯ ದಿನವೇ ಫೋನ್ ಬದಲಿಸಬೇಡಿ.

ಸರ್ಕಾರಿ ಆ್ಯಪ್‌ಗಳದ್ದು ಇನ್ನೊಂದು ಕಥೆ. ರೈತರೇ ತಮ್ಮ ಬೆಳೆಯ ವಿವರ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪನ್ನು ರಾಜ್ಯ ಸರ್ಕಾರ 2020ರ ಮುಂಗಾರಿನಲ್ಲಿ ಗೂಗಲ್ ಪ್ಲೇ ಸ್ಟೋರ್ ಮೂಲಕ ಕೊಟ್ಟಿತು. ಫೋನ್ ಬದಲಿಸುವ ಮುಂಚೆ ಈ ವರ್ಷದ ಆ್ಯಪ್ ನಿಮ್ಮ ಹೊಸ ಸ್ಟೋರ್‌ನಲ್ಲೂ ಇದೆಯಾ ಅಂತ ನೋಡಿಕೊಳ್ಳಿ. ಪಹಣಿ ಇರುವವನಿಗೆ ಇಂಥದ್ದೇ ಕಂಪನಿಯ ಫೋನ್ ಇರಬೇಕು ಅಂತ ಯಾವ ಕಾಯ್ದೆಯೂ ಹೇಳಿಲ್ಲವಲ್ಲ.

ಇನ್ನು ನಂಬರಿನ ವಿಷಯ. ಅದು ತಾನಾಗಿ ಪೋರ್ಟ್ ಆದದ್ದಲ್ಲ. ಟೆಲಿಕಾಂ ಕಂಪನಿಗಳ ಮೇಲೆ ನಿಯಮ ಹೇರಿ 2010ರ ನವೆಂಬರ್ 25ರಂದು ಹರಿಯಾಣದಲ್ಲಿ, 2011ರ ಜನವರಿ 20ರಿಂದ ದೇಶದಾದ್ಯಂತ ಪೋರ್ಟಬಿಲಿಟಿ ತಂದರು. ಇವತ್ತು 1900ಕ್ಕೆ ಒಂದು ಮೆಸೇಜ್ ಹಾಕಿದರೆ ಕೆಲಸ ಶುರು. ಡೇಟಾಗೂ ಅಂಥದ್ದೇ ಹಕ್ಕು ಬರಲಿಕ್ಕಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ಕರಡಿನಲ್ಲೂ, 2019ರ ಮಸೂದೆಯಲ್ಲೂ ಡೇಟಾ ಪೋರ್ಟಬಿಲಿಟಿ ಇತ್ತು: ನಿಮ್ಮ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಕೇಳಿ ಪಡೆಯಬಹುದು, ಇನ್ನೊಂದು ಕಂಪನಿಗೆ ವರ್ಗಾಯಿಸಿಕೊಳ್ಳಬಹುದು. ಆ ಮಸೂದೆಯನ್ನು 2022ರ ಆಗಸ್ಟ್‌ನಲ್ಲಿ ಸರ್ಕಾರ ವಾಪಸ್ ತಗೊಂಡಿತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ತಿದ್ದಿಸುವ ಹಕ್ಕಿದೆ, ಅಳಿಸುವ ಹಕ್ಕಿದೆ. ಹೊತ್ತುಕೊಂಡು ಹೋಗುವ ಹಕ್ಕು ಕಾಣೆ. ಇದರ ಬಗ್ಗೆ ಆಗಬೇಕಾದಷ್ಟು ಗಲಾಟೆಯೂ ಆಗಲಿಲ್ಲ.

ಯೂರೋಪಿನಲ್ಲಿ ಈ ಹಕ್ಕು 2018ರ ಮೇ ತಿಂಗಳಿಂದ ಜಿಡಿಪಿಆರ್‌ನ 20ನೇ ವಿಧಿಯಾಗಿ ಜಾರಿಯಲ್ಲಿದೆ. 2024ರ ಮಾರ್ಚ್‌ನಿಂದ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ ದೊಡ್ಡ ಕಂಪನಿಗಳ ಮೇಲೆ ಇನ್ನೂ ಬಿಗಿ ಮಾಡಿದೆ. ನಮಗೆ ಸದ್ಯ ಇರುವುದು ಗೂಗಲ್‌ನ 'ಟೇಕೌಟ್'ನಂಥ, ಕಂಪನಿಗಳೇ ಕೊಟ್ಟಿರುವ ಸೌಲಭ್ಯ.

ಹಳೇ ಫೋನನ್ನು ತಕ್ಷಣ ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಸಾಧ್ಯವಾದರೆ ಒಂದು ತಿಂಗಳು ಮನೆಯಲ್ಲಿರಲಿ. ಮುಖ್ಯವಾದ ಚಾಟ್‌ಗಳನ್ನು 'ಎಕ್ಸ್‌ಪೋರ್ಟ್ ಚಾಟ್' ಒತ್ತಿ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಆ ಕಡತವನ್ನು ಓದಬಹುದು, ಪ್ರಿಂಟ್ ಹಾಕಿಸಬಹುದು, ಆದರೆ ಹೊಸ ವಾಟ್ಸಾಪ್‌ನೊಳಗೆ ಮತ್ತೆ ಕೂರಿಸಲು ಬರಲ್ಲ.