ಜೀವನಾಂಶವೆಂಬ ಮಾತಿನ ಚರಿತ್ರೆ

ಜೀವನಾಂಶವೆಂಬ ಮಾತನ್ನು ಬಿಡಿಸಿ ನೋಡಿ. ಜೀವನ, ಅಂಶ ಎಂಬ ಎರಡು ಪದಗಳು ಸವರ್ಣದೀರ್ಘ ಸಂಧಿಯಿಂದ ಕೂಡಿವೆ. ಅಂಶವೆಂದರೆ ಪಾಲು, ಭಿಕ್ಷೆಯಲ್ಲ. ನಮ್ಮ ದೇಶದ ಕಾಯಿದೆಯು ಈ ಅರ್ಥದ ಸಮೀಪಕ್ಕೆ ಬರಲು ನೂರು ವರ್ಷಗಳೇ ಹಿಡಿದುವೆಂದರೆ ವಾಚಕರಿಗೆ ಆಶ್ಚರ್ಯವಾದೀತು.

1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 488ನೆಯ ಕಲಮಿನಂತೆ, ಗಂಡನು ಕೈಬಿಟ್ಟ ಹೆಂಡತಿಗೆ ಮ್ಯಾಜಿಸ್ಟ್ರೇಟರು ತಿಂಗಳಿಗೆ 50 ರೂಪಾಯಿ ಮೀರದಂತೆ ಕೊಡಿಸಬಹುದಾಗಿತ್ತು. ಆ ಮಿತಿಯು 1923ರಲ್ಲಿ 100, 1955ರಲ್ಲಿ 500 ಆಯಿತು. ಅಕ್ಕಿಯ ಬೆಲೆ ಕಾಯಿದೆಯ ತಿದ್ದುಪಡಿಗಾಗಿ ಕಾಯುವುದುಂಟೆ!

ಆದರೆ ಹಣದ ಮಿತಿಗಿಂತಲೂ ಕ್ರೂರವಾಗಿದ್ದುದು 'ಹೆಂಡತಿ' ಎಂಬ ಒಂದು ಪದ. ಆಕೆ ಹೆಂಡತಿಯಾಗಿದ್ದರೆ ಮಾತ್ರ ಈ ಕಲಮಿನ ಆಶ್ರಯ. ವಿಚ್ಛೇದನವಾದೊಡನೆ ಆಕೆ ಹೆಂಡತಿಯಲ್ಲ, ಹಕ್ಕೂ ಇಲ್ಲ. ಅರ್ಜಿಯ ನೋಟೀಸು ಕೈಸೇರಿದ ಗಂಡನು ಆಕೆಯನ್ನು ಬಿಟ್ಟುಬಿಟ್ಟರೆ ಅಲ್ಲಿಗೆ ಈ ದಾರಿ ಮುಚ್ಚಿತು. 1955ರ ಹಿಂದೂ ವಿವಾಹ ಕಾಯಿದೆಯು ವಿಚ್ಛೇದನದ ತರುವಾಯವೂ ಜೀವನಾಂಶವನ್ನು ಒಪ್ಪಿತು, ಹೆಂಡತಿಗೆ ಮಾತ್ರವಲ್ಲ, ಗಂಡನಿಗೂ. ಆದರೆ ಅದು ಎಲ್ಲ ಮತದವರಿಗೂ ಅನ್ವಯಿಸುವಂಥದಲ್ಲ.

1973ರ ಹೊಸ ಕೋಡಿನ 125ನೆಯ ಕಲಮು ಈ ಬಾಗಿಲನ್ನು ತೆರೆಯಿತು. ಮರುಮದುವೆಯಾಗದ ವಿಚ್ಛೇದಿತೆಯೂ 'ಹೆಂಡತಿ'ಯೇ ಎಂದು ಅಲ್ಲಿ ವಿವರಣೆ ಸೇರಿತು. ಇದೊಂದು ವ್ಯಾಕರಣದ ವಿಚಾರವೆಂದು ನಗಬೇಡಿ. ಇಂದೋರಿನ ಶಾಹ ಬಾನು ಅವರ ಮದುವೆಯಾದುದು 1932ರಲ್ಲಿ. 1975ರಲ್ಲಿ ವಕೀಲರಾದ ಗಂಡ ಮನೆಯಿಂದ ಹೊರಡಿಸಿದರು. 1978ರಲ್ಲಿ ಆಕೆ 500 ರೂಪಾಯಿ ಬೇಡಿ ಅರ್ಜಿ ಕೊಟ್ಟರು. ಗಂಡ ಆ ವರ್ಷವೇ ತಲಾಖ್ ಹೇಳಿದರು. ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ! ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಇಷ್ಟು ಸಣ್ಣ ಮೊತ್ತಕ್ಕಾಗಿ ದೇಶದಲ್ಲಿ ಎಷ್ಟು ಕೋಲಾಹಲ! 1986ರಲ್ಲಿ ಸಂಸತ್ತು ಮುಸ್ಲಿಂ ವಿಚ್ಛೇದಿತೆಯರಿಗೆ ಬೇರೆ ಕಾಯಿದೆಯನ್ನೇ ಮಾಡಿತು. ಇದ್ದತ್ತಿನ ಅವಧಿಗೆ ಮಾತ್ರ ಗಂಡನು ಹೊಣೆಯೆಂದು ಹಲವರು ಅದನ್ನು ಅರ್ಥೈಸಿದರು. ಆ ಅವಧಿಯೊಳಗೆ ಆಕೆಯ ಮುಂದಿನ ಬಾಳಿಗೂ ನ್ಯಾಯವಾದ ಏರ್ಪಾಡು ಆಗಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟು ವಿವರಿಸಿತು.

ಅದೇ 2001ರಲ್ಲಿ 500 ರೂಪಾಯಿಯ ಮಿತಿಯೂ ತೊಲಗಿತು. 2020ರ ತೀರ್ಪೊಂದು, ಜೀವನಾಂಶವನ್ನು ಅರ್ಜಿ ಕೊಟ್ಟ ದಿನದಿಂದಲೇ ಲೆಕ್ಕಹಾಕಬೇಕೆಂದೂ, ಇಬ್ಬರೂ ತಮ್ಮ ಆಸ್ತಿ ಆದಾಯಗಳನ್ನು ಪ್ರಮಾಣಮಾಡಿ ತಿಳಿಸಬೇಕೆಂದೂ ವಿಧಿಸಿತು. 2024ರ ಜುಲೈ 1ರಿಂದ ಹಳೆಯ ಕೋಡು ಹೋಗಿ ಹೊಸ ಸಂಹಿತೆ ಬಂದಿದೆ. 125ನೆಯ ಕಲಮು ಈಗ 144 ಆಗಿದೆ; 'ಹೆಂಡತಿ' ಎಂಬ ಪದದ ಆ ವಿವರಣೆ ಮಾತ್ರ ಅಲ್ಲಿಯೂ ಉಳಿದುಕೊಂಡಿದೆ.