ಬೆಟ್ಟದಲ್ಲಿ ನಿಂತವರು

ಪದವಿ ಮುಗಿಸಿದ ತಂಗಿಯ ಮಗಳು ಮೊನ್ನೆ ಮನೆಗೆ ಬಂದಿದ್ದಳು. "ದೊಡ್ಡಮ್ಮ, ಆಫ್ರಿಕಾದಲ್ಲಿ ಕಾಡು ಕಾಯೋದಕ್ಕೆ, ಹಳ್ಳಿ ಶಾಲೆಯಲ್ಲಿ ಕಲಿಸೋದಕ್ಕೆ ಸ್ವಯಂಸೇವಕರು ಬೇಕಂತೆ. ಎರಡೇ ವಾರ. ಹೋಗಲಾ?" ಎಂದಳು. "ಅಲ್ಲಿ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯೇ?" ಎಂದು ತಂಗಿ ಗದರಿದಳು. ನಾನು ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸರಳಾ ಬೆಹನ್ ಅವರ ಕಥೆ ಹೇಳಿದೆ.

1901ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರ ಹೆಸರು ಕ್ಯಾಥರೀನ್ ಮೇರಿ ಹೈಲ್‌ಮನ್. ತಂದೆಯ ಜರ್ಮನ್ ಮೂಲದಿಂದಾಗಿ ಮೊದಲ ಮಹಾಯುದ್ಧದ ಕಾಲದಲ್ಲಿ ಸ್ವಂತ ಊರಿನಲ್ಲೇ ಪರಕೀಯರಾದರು. ಮುಂದೆ ಭಾರತೀಯ ವಿದ್ಯಾರ್ಥಿಗಳ ಪರಿಚಯವಾಗಿ, ಗಾಂಧೀಜಿಯವರ ವಿಚಾರ ಹಿಡಿಸಿ, 1932ರಲ್ಲಿ ಹಡಗು ಹತ್ತಿದರು. ಉದಯಪುರದ ಶಾಲೆಯೊಂದರಲ್ಲಿ ಕೆಲಸ, ಆಮೇಲೆ ಸೇವಾಗ್ರಾಮ. ಮಲೇರಿಯಾದಿಂದ ಬಳಲಿದಾಗ ಗಾಂಧೀಜಿ ಅವರನ್ನು ಹಿಮಾಲಯದ ಕೌಸಾನಿಗೆ ಕಳಿಸಿದರು.

ಹೋದದ್ದು ವಿಶ್ರಾಂತಿಗೆ. ಕಣ್ಣಿಗೆ ಬಿದ್ದದ್ದು ಮಾತ್ರ ಬೆಟ್ಟದ ಹೆಂಗಸರ ಪಾಡು. ಗಂಡಸರು ದುಡಿಮೆಗೆಂದು ಬಯಲುಸೀಮೆಗೆ ಇಳಿದರೆ ಹೊಲ, ದನ, ಸೌದೆ, ನೀರು ಎಲ್ಲವೂ ಹೆಂಗಸಿನ ತಲೆಯ ಮೇಲೆ. 1942ರ ಚಳವಳಿಯಲ್ಲಿ ಜೈಲು ಸೇರಿದವರ ಮನೆಮನೆಗೆ ಸರಳಾ ಬೆಹನ್ ನಡೆದೇ ಹೋದರು. ತಾವೂ ಜೈಲು ಕಂಡರು. 1946ರಲ್ಲಿ ಕೌಸಾನಿಯಲ್ಲಿ ಹುಡುಗಿಯರಿಗಾಗಿ ಲಕ್ಷ್ಮೀ ಆಶ್ರಮ ತೆರೆದರು. ಅಲ್ಲಿ ಓದಿನ ಜೊತೆಗೆ ಹೊಲದ ಕೆಲಸ, ದನದ ಆರೈಕೆ, ನೂಲುವುದು. ಮನೆಗೆಲಸಕ್ಕೆ ಬೇಕಾದ ಮಗಳನ್ನು ಓದಲು ಕಳಿಸುವಂತೆ ಹೆತ್ತವರನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು.

ಅಲ್ಲಿ ಕಲಿತ ಹುಡುಗಿಯರಲ್ಲಿ ವಿಮಲಾ ಒಬ್ಬರು. ಮದುವೆಯಾಗಬೇಕಾದರೆ ರಾಜಕೀಯ ಬಿಟ್ಟು ಹಳ್ಳಿಯಲ್ಲಿ ನೆಲೆಸಬೇಕೆಂದು ಅವರು ವರನಿಗೇ ಷರತ್ತು ಹಾಕಿದರು! ಆ ವರ ಸುಂದರಲಾಲ್ ಬಹುಗುಣ. 1960ರ ದಶಕದಲ್ಲಿ ಬೆಟ್ಟದ ಹೆಂಗಸರು ಸಾರಾಯಿ ಅಂಗಡಿಗಳ ಎದುರು ಕೂತರು. 1973ರಲ್ಲಿ ಚಿಪ್ಕೋ ಹುಟ್ಟಿತು. ಮರುವರ್ಷ ರೇಣಿ ಹಳ್ಳಿಯಲ್ಲಿ ಗೌರಾದೇವಿ ಮತ್ತು ಸಂಗಾತಿಯರು ಮರ ಕಡಿಯಲು ಬಂದವರನ್ನು ತಡೆದರು. ಇದೆಲ್ಲ ಒಬ್ಬರ ಸಾಧನೆಯಲ್ಲ, ಚಂಡಿಪ್ರಸಾದ್ ಭಟ್ಟರಂಥವರ ದುಡಿಮೆಯೂ ಇದೆ. ಆದರೆ ಹೆಂಗಸು ಮನೆಯಿಂದ ಹೊರಬಂದು ಮಾತನಾಡಬಹುದೆಂಬ ಧೈರ್ಯಕ್ಕೆ ಕೌಸಾನಿಯ ಆಶ್ರಮ ನೀರೆರೆದಿತ್ತು. ಆ ಗಾಳಿ ನಮ್ಮ ಶಿರಸಿಗೂ ಬೀಸಿತು: 1983ರಲ್ಲಿ ಸಲ್ಕಣಿಯ ಜನ ಮರ ಅಪ್ಪಿ 'ಅಪ್ಪಿಕೋ' ಎಂದರು.

ಸರಳಾ ಬೆಹನ್ ಅದನ್ನು ನೋಡಲಿಲ್ಲ. 1982ರಲ್ಲಿ ಅದೇ ಬೆಟ್ಟಗಳ ನಡುವೆ ತೀರಿಕೊಂಡಿದ್ದರು. ಬಂದು ಐವತ್ತು ವರ್ಷವಾಗಿತ್ತು.

"ಹಾಗಾದರೆ ಎರಡು ವಾರ ಹೋಗೋದು ದಂಡವಾ?" ಎಂದು ಹುಡುಗಿ ಮುಖ ಸಣ್ಣದು ಮಾಡಿದಳು.

"ದಂಡ ಅಲ್ಲ ಕಣೇ. ಕೊಡೋದಕ್ಕೆ ಹೋಗ್ತಿದೀನಿ ಅಂದ್ಕೋಬೇಡ, ಕಲಿಯೋದಕ್ಕೆ ಹೋಗು. ಅವರು ಹಿಂದಿ ಕಲಿತು, ಅದರಲ್ಲೇ ಪುಸ್ತಕ ಬರೆಯೋಷ್ಟು ಈ ನಾಡಿನವರಾದರು."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ದೊಡ್ಡಮ್ಮ, ಅಲ್ಲಿಯ ಹಳ್ಳಿಯವರು ಯಾವ ಭಾಷೆ ಆಡ್ತಾರೋ? ಮೊದಲು ಅದನ್ನ ವಿಚಾರಿಸ್ತೀನಿ."

ತಂಗಿ ಈ ಸಲ ಗದರಲಿಲ್ಲ.